ಊರಿಗೆ ಹೋಗುವ ಕಾಗದ

ಕರಗಿದ ಅರಗಿನ ವಾಸನೆ ಬಂತೆಂದರೆ ಅಪ್ಪ ಮನೆಗೆ ಬಂದರು ಎಂದೇ ಉಷಾಳ ಲೆಕ್ಕ. ಕೊಳ್ಳೇಗಾಲದ ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು, ಹೊಂಗೆ ಮರದ ಕೆಳಗೆ ಮೇಜು ಹಾಕಿಕೊಂಡು ಅವರು ಪತ್ರ ಬರೆಯುತ್ತಿದ್ದರು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ, ಊರಿನವರು ಬಾಯಲ್ಲಿ ಆಡಿಕೊಂಡದ್ದೆಲ್ಲ ಅವರ ಕೈಯಲ್ಲಿ ಅಕ್ಷರವಾಗುತ್ತಿತ್ತು. ಸಂಜೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ಅರಗು, ಹೆಬ್ಬೆಟ್ಟಿನ ಮಸಿ, ಆ ಮಸಿ ಒರೆಸುವ ಸೀಮೆಎಣ್ಣೆ ಮೂರೂ ಬೆರೆತ ವಾಸನೆ ಅದರಿಂದ ಏಳುತ್ತಿತ್ತು. ಮಕ್ಕಳು ಮೂಗು ಹಿಡಿದುಕೊಂಡರೆ ಅಮ್ಮ ಗದರುತ್ತಿದ್ದಳು. "ಅನ್ನದ ವಾಸನೆ ಕಣ್ರೇ ಅದು!"

ಎಷ್ಟೋ ವರ್ಷಗಳ ಮೇಲೆ, ಅಟ್ಲಾಂಟಾದ ಮಿದುಳು ಡಾಕ್ಟರ ಕೋಣೆಯಲ್ಲಿ, ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಕೂತಿದ್ದಾಗ, ಸ್ಯಾನಿಟೈಜರಿನ ಘಾಟಿನ ನಡುವೆಯೂ ಅದೇ ವಾಸನೆ ಅವಳ ಮೂಗಿಗೆ ಅಡರಿದಂತಾಯಿತು. ಡಾಕ್ಟರು ಆಗಷ್ಟೇ 'ಪವರ್ ಆಫ್ ಅಟಾರ್ನಿ' ಎಂಬ ಮಾತು ತೆಗೆದಿದ್ದರು.

ಒಳ್ಳೆಯ ಮನುಷ್ಯ ಆ ಡಾಕ್ಟರು. ಗಂಡ ಮುರಳೀಧರರ ಮಿದುಳಿನ ಚಿತ್ರ ಗಂಡನ ಕಣ್ಣಿಗೇ ಬೀಳದಿರಲೆಂದು ಕಂಪ್ಯೂಟರಿನ ಪರದೆಯನ್ನು ಉಷಾಳ ಕಡೆಗೆ ಮಾತ್ರ ತಿರುಗಿಸಿಟ್ಟಿದ್ದರು. ಹೇಳಬೇಕಾದ್ದನ್ನು ಮೆಲ್ಲಗೆ ಹೇಳಿದರು. ನೆನಪು ಹೋಗುತ್ತದೆ, ಒಂದೇ ಸಲಕ್ಕೆ ಹೋಗುವುದಿಲ್ಲ. ಕೆಲವು ದಿನ ಚೆನ್ನಾಗಿರುತ್ತಾರೆ. ಅಂಥ ದಿನಗಳಲ್ಲೇ ಕಾಗದದ ಕೆಲಸ ಮುಗಿಸಿಕೊಳ್ಳಿ. ತಮ್ಮ ಪರವಾಗಿ ಯಾರು ಮಾತಾಡಬೇಕು, ಯಾರು ಸಹಿ ಹಾಕಬೇಕು ಎಂದು ಅವರೇ ಬರೆದುಕೊಡಲಿ. ತಿಳುವಳಿಕೆ ಹೋದ ಮೇಲೆ ಹಾಕಿದ ಸಹಿಗೆ ಬೆಲೆಯಿಲ್ಲ. ಆಗ ಅದನ್ನು ಕೋರ್ಟು ತೀರ್ಮಾನಿಸುತ್ತದೆ.

ಕಾರಿನಲ್ಲಿ ಕೂತು ಬೆಲ್ಟ್ ಹಾಕಿಕೊಂಡ ಮೇಲೆ ಮುರಳೀಧರರು ಬಾಯಿ ಬಿಟ್ಟರು.

"ನಂಗೆಲ್ಲ ಅರ್ಥ ಆಯ್ತು ಕಣೆ. ಇನ್ನೂ ಹುಚ್ಚು ಹಿಡಿದಿಲ್ಲ."

"ನಿಮಗೆ ಹುಚ್ಚು ಅಂತ ಯಾರಂದ್ರು ರೀ?"

"ಪವರ್ ಆಫ್ ಅಟಾರ್ನಿ ಅಂದ್ನಲ್ಲ ಅವನು. ಅದು ಜಿಪಿಎ. ಜಿಪಿಎ ಅಂದ್ರೇನು ಅಂತ ನಾನು ಹೇಳಬೇಕಾ, ಬರೆದವರ ಮಗಳಿಗೆ? ನಿಮ್ಮಪ್ಪ ಎಷ್ಟು ಮನೆ ಮುರಿದ್ರೋ ಆ ಮರದ ಕೆಳಗೆ ಕೂತ್ಕೊಂಡು!"

ಉಷಾ ಕಾರು ಹಿಂದಕ್ಕೆ ತೆಗೆದಳು. ಈ ಮಾತು ಅವಳಿಗೆ ಹೊಸದಲ್ಲ. ಮದುವೆಯಾದಾಗಿನಿಂದ ಹಬ್ಬಕ್ಕೆ ಹೋಳಿಗೆ ಬಂದ ಹಾಗೆ ಈ ಮಾತೂ ವರ್ಷಕ್ಕೆ ನಾಲ್ಕು ಸಲ ಬರುತ್ತಿತ್ತು.

ಬೆಂಗಳೂರಿನವರಿಗೆ ಜಿಪಿಎ ಎಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಖಾತೆಗೆ ಓಡಾಡಲಿ, ಕಂದಾಯ ಕಟ್ಟಲಿ ಎಂದು ನೆಂಟನಿಗೆ ಬರೆದುಕೊಟ್ಟ ಜಿಪಿಎಯಿಂದ ನಿವೇಶನಗಳೇ ಕೈಬಿಟ್ಟಿವೆ. ಮುರಳೀಧರರ ತಂದೆ ಬನಶಂಕರಿಯಲ್ಲಿದ್ದ ಒಂದೇ ಒಂದು ಸೈಟಿನ ಜಿಪಿಎಯನ್ನು ಹೆಂಡತಿಯ ತಮ್ಮನಿಗೆ ಕೊಟ್ಟಿದ್ದರು. ಅವರು ಕಾಮಾಲೆಯಾಗಿ ಆಸ್ಪತ್ರೆಯಲ್ಲಿ ಮಲಗಿದ್ದಾಗ ಆ ಮಾವ ಸೈಟು ಮಾರಿ, ಅಕ್ಕನಿಗೆ ಒಂದು ಸೀರೆ ತಂದುಕೊಟ್ಟ. ತಾಯಿ ಹೋಗಿ ನೋಡಿದರೆ ಯಾರೋ ಪಾಯ ತೋಡಿಸುತ್ತಿದ್ದರು. ಚಡ್ಡಿ ಹಾಕಿಕೊಂಡ ಮುರಳಿ ತಾಯಿಯ ಪಕ್ಕದಲ್ಲಿ ನಿಂತು ಆ ಪಾಯವನ್ನು ನೋಡಿದ್ದರು. ಆಮೇಲೆ ಅವರು ಓದಿ ಎಂಜಿನಿಯರಾದರು, ಅಮೆರಿಕಕ್ಕೆ ಬಂದರು, ನಾರ್‌ಕ್ರಾಸ್‌ನಲ್ಲಿ ಮನೆ ಕೊಂಡರು. ಮನೆಯೂ ಕಾರೂ ಬ್ಯಾಂಕೂ ಎಲ್ಲವೂ ಅವರೊಬ್ಬರ ಹೆಸರಿನಲ್ಲೇ. ಉಷಾ ಮೈಸೂರಿನಲ್ಲಿ ಬಿ.ಎಸ್ಸಿ. ಮಾಡಿದವಳು, ಇಲ್ಲಿಯ ಲೈಬ್ರರಿಯಲ್ಲಿ ಕೆಲಸಕ್ಕಿದ್ದವಳು. ಅವಳ ಸಂಬಳವೂ ಅವರ ಖಾತೆಗೇ. "ಹೆಸರು ಒಂದೇ ಇದ್ರೆ ಕಳ್ಳನಿಗೆ ಬಾಗಿಲೂ ಒಂದೇ" ಎನ್ನುತ್ತಿದ್ದರು.

ಅವತ್ತು ಸಂಜೆ ಮನೆಯ ಹಿಂದಿನ ಮರದ ಜಗಲಿಯ ಮೇಲೆ ಕೂತಿದ್ದಾಗ ಅವರು ಅವಳ ಕಿರುಬೆರಳು ಹಿಡಿದುಕೊಂಡರು. ಹಾಗೆಲ್ಲ ಹಿಡಿಯುವವರಲ್ಲ.

"ನನ್ನನ್ನ ಎಲ್ಲೂ ಹಾಕ್ಬೇಡ ಉಷಾ. ಇಲ್ಲೇ ಇರ್ತೀನಿ. ನಿನ್ನ ಕಣ್ಣೆದುರಿಗೇ."

"ಹಾಕಲ್ಲ ರೀ."

"ಆಣೆ?"

"ಆಣೆ."

ಆ ಆಣೆ ಉಳಿಯಬೇಕಾದರೆ ಅವರ ಸಹಿ ಬೇಕು. ಮನೆಗೆ ಆಳು ಇಡಲು, ಬ್ಯಾಂಕಿನಿಂದ ಹಣ ತೆಗೆಯಲು, ಡಾಕ್ಟರ ಮುಂದೆ ನಿಂತು 'ಇವರು ಮನೆಯಲ್ಲೇ ಇರುತ್ತಾರೆ' ಎನ್ನಲು, ಎಲ್ಲದಕ್ಕೂ ಸಹಿ. ಅದೊಂದನ್ನು ಅವರು ಕೊಡುವವರಲ್ಲ.

ಮಗ ಧೀರಜ್‌ನ ಮನಸ್ಸು ಬೇರೆ ಕಡೆಗಿತ್ತು. ಅವನು ಇಲ್ಲೇ ಹುಟ್ಟಿ ಬೆಳೆದವನು, ಷಾರ್ಲಟ್‌ನ ಬ್ಯಾಲಂಟೈನ್‌ನಲ್ಲಿ ಬ್ಯಾಂಕ್ ಕೆಲಸ. ಕೆಟ್ಟವನಲ್ಲ. ನಾಲ್ಕು ಗಂಟೆ ಡ್ರೈವ್ ಮಾಡಿ ಬರುತ್ತಿದ್ದ, ಹೋಗುವ ಮುಂಚೆ ಅಮ್ಮನ ಕಾರಿಗೆ ಪೆಟ್ರೋಲ್ ತುಂಬಿಸಿಟ್ಟು ಹೋಗುತ್ತಿದ್ದ. ಆದರೆ ಬಂದಾಗಲೆಲ್ಲ ಒಂದೇ ಮಾತು.

"ಅಮ್ಮ, ನೀನು ಹೇಗೆ ಮ್ಯಾನೇಜ್ ಮಾಡ್ತೀಯ? ನಿನಗೆ ಅಪ್ಪನ್ನ ಲಿಫ್ಟ್ ಮಾಡೋಕೆ ಆಗಲ್ಲ. ಮರೆವಿರೋರನ್ನ ಇಟ್ಕೊಂಡು ನೋಡ್ಕೊಳ್ಳೋ ಮೆಮೊರಿ ಕೇರ್ ಇದೆ ನಮ್ಮ ಮನೆ ಹತ್ರ. ಅಲ್ಲಿ ಪ್ರೊಫೆಷನಲ್ಸ್ ಇರ್ತಾರೆ."

"ಮಾತು ಕೊಟ್ಟಿದ್ದೀನಿ ಕಣೋ."

"ಹಿ ವೋಂಟ್ ರಿಮೆಂಬರ್ ಇಟ್, ಅಮ್ಮ."

"ನಾನು ಮರೆಯಲ್ವಲ್ಲ."

ಚಳಿಗಾಲವಿಡೀ ಅವಳು ಗಂಡನ ಒಳ್ಳೆಯ ಹೊತ್ತು ನೋಡಿ ನೋಡಿ ಮಾತು ತೆಗೆದಳು. ಕಾಫಿ ಕೊಟ್ಟು ತೆಗೆದಳು, ತಲೆಗೆ ಎಣ್ಣೆ ಹಚ್ಚುತ್ತಾ ತೆಗೆದಳು. ಅವರು ಒಂದೊಂದು ಸಲಕ್ಕೆ ಒಂದೊಂದು ಮುಳ್ಳು ಇಟ್ಟುಕೊಂಡಿರುತ್ತಿದ್ದರು. "ಯಾರನ್ನ ನೋಡಿಟ್ಟಿದ್ದೀಯೇ, ನಾನು ಹೋದ್ಮೇಲೆ ಮನೆ ತುಂಬಿಸ್ಕೊಳ್ಳೋಕೆ?" ಎಂದು ಒಂದು ಸಲ. "ಸಹಿ ಬೇಕಾ? ಹೆಬ್ಬೆಟ್ಟೇ ಕತ್ತರಿಸ್ಕೋ" ಎಂದು ಇನ್ನೊಂದು ಸಲ. ಯುಗಾದಿಗೆ ಅವರ ತಂಗಿ ವಸಂತಾಳ ಮನೆಯಲ್ಲಿ ಹತ್ತು ಜನ ಕೂತಿದ್ದಾಗ, "ನಮ್ಮನೆಯವಳು ನನ್ನ ತಲೆ ಕೆಡೋದನ್ನೇ ಕಾಯ್ತಾ ಕೂತಿದ್ದಾಳೆ, ಹದ್ದು ಕಾದಂಗೆ" ಎಂದುಬಿಟ್ಟರು. ಗಂಡಸರು ನಕ್ಕರು. ಹಸಿರು ಸೀರೆಯುಟ್ಟ, ಹೆಸರೂ ತಿಳಿಯದ ಒಬ್ಬಳು ಮಾತ್ರ ನಗದೆ ತನ್ನ ಕುರ್ಚಿಯನ್ನು ಎಳೆದುಕೊಂಡು ಬಂದು ಉಷಾಳ ಪಕ್ಕದಲ್ಲಿ ಕೂತಳು. ಅಷ್ಟೇ ಮಾಡಿದಳು. ಉಷಾಗೆ ಅದು ಬಹಳ ದಿನ ನೆನಪಿತ್ತು.

ವಸಂತಾ ಗಂಡನನ್ನು ಕಳೆದುಕೊಂಡು ಮಗಳ ಜೊತೆ ಪಕ್ಕದ ಡುಲೂತ್‌ನಲ್ಲಿದ್ದಳು. ಬಾಯಿ ಚುರುಕು, ಕಾಲೂ ಚುರುಕು. ನಾರ್‌ಕ್ರಾಸ್‌ನ ಇಂಡಿಯನ್ ಅಂಗಡಿಯಲ್ಲಿ ಕರಿಬೇವು ಆರಿಸುತ್ತಿದ್ದಾಗ ಅವಳೇ ಕೇಳಿದಳು.

"ಅತ್ತಿಗೆ, ಅಣ್ಣ ಸೈನ್ ಹಾಕಿದ್ನಾ?"

"ಎಲ್ಲಿ ಹಾಕ್ತಾರೆ. ಆ ಹೆಸರು ಕೇಳಿದ್ರೇ ಹಾವು ತುಳಿದಂಗೆ ಆಡ್ತಾರೆ."

"ಹೆಸರು ಯಾಕೆ ಹೇಳ್ತೀರಿ ಮತ್ತೆ? ಅಣ್ಣನಿಗೆ ಈಗ ಇರೋದು ಒಂದೇ ಹುಚ್ಚು, ಊರಿಗೆ ಹೋಗ್ಬೇಕು, ಊರಿಗೆ ಹೋಗ್ಬೇಕು ಅಂತ. ಇಂಡಿಯಾಗೆ ಹೋಗೋಕೆ ಒಸಿಐ ಕಾರ್ಡು ರಿನ್ಯೂ ಮಾಡಿಸ್ಬೇಕು, ಅದರ ಪೇಪರು ಅಂದ್ಬಿಡಿ. ಕಣ್ಮುಚ್ಚಿ ಹಾಕ್ತಾನೆ."

"ಸುಳ್ಳು ಹೇಳೋದಾ?"

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಿಮಗೆ ಒಂದು ಸುಳ್ಳಿಗೇ ಇಷ್ಟು ಸಂಕಟ! ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಅಣ್ಣನ ಒಳ್ಳೇದಕ್ಕೇ ತಾನೇ?"

ಉಷಾಗೆ ಅಪ್ಪನ ಮೇಜು ನೆನಪಾಯಿತು. ಓದು ಬಾರದವರು ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ ಅವಳ ಅಪ್ಪ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ತಿಳಿದು ಒತ್ತಿದರೆ ಹೆಬ್ಬೆಟ್ಟು, ತಿಳಿಯದೆ ಒತ್ತಿದರೆ ಬರೀ ಮಸಿ ಎನ್ನುತ್ತಿದ್ದರು. ಆದರೆ ಅಪ್ಪನ ಮೇಜಿಗೆ ಬಂದವರು ಸಹಿ ಹಾಕಲೆಂದೇ ಬಂದವರು. ಹಾಕುವುದೇ ಇಲ್ಲ ಎಂದು ಪಟ್ಟು ಹಿಡಿದವರನ್ನು ಏನು ಮಾಡಬೇಕೆಂದು ಅವರು ಹೇಳಿಕೊಟ್ಟಿರಲಿಲ್ಲ. ಆ ವಾರ ಮುರಳೀಧರರು ಸ್ನಾನ ಮುಗಿಸಿ ಬಂದು, ತಾವು ಸ್ನಾನ ಮಾಡಿಲ್ಲವೆಂದು ಮತ್ತೆ ಒಳಗೆ ಹೋದರು. ದಿನಗಳು ಕೈಜಾರುತ್ತಿದ್ದವು.

ಭಾನುವಾರ ಬೆಳಿಗ್ಗೆ ಅವಳು ಹೇಳಿಯೇಬಿಟ್ಟಳು. "ರೀ, ಊರಿಗೆ ಹೋಗೋಕೆ ಒಸಿಐ ಮಾಡಿಸ್ಬೇಕಂತೆ. ಒಂದು ಪೇಪರಿಗೆ ಸೈನ್ ಹಾಕ್ಬೇಕು. ನಾಳಿದ್ದು ಹೋಗಿ ಬರೋಣ್ವಾ?"

ಅವರ ಮುಖ ಅರಳಿದ್ದನ್ನು ನೋಡಿ ಅವಳಿಗೆ ಭಯವಾಯಿತು. ಎರಡು ದಿನ ಅವರು ಚೆಂಡುಹೂವಿನಂತಿದ್ದರು. ಯಾವ ತಿಂಗಳು ಹೋಗುವುದು, ಗಾಂಧಿಬಜಾರಿನ ಹತ್ತಿರ ಇಳಿದುಕೊಳ್ಳುವುದೋ, ಮೈಸೂರಿಗೆ ರೈಲಿನಲ್ಲಿ ಹೋಗುವುದೋ, ಕಿಟಕಿ ಪಕ್ಕ ಯಾರು ಕೂರುವುದು, ಎಲ್ಲ ಮಾತಾಡಿದರು. ಹೋಗುವ ದಿನ ತಾವೇ ಶೇವ್ ಮಾಡಿಕೊಂಡು, ಕಂದು ಕೋಟು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರು. ಅವಳು ಕಾಲರ್ ಸರಿಮಾಡುವಾಗ ಹೇಳಿದರು, "ನೀನು ಒಳ್ಳೆಯವಳು ಕಣೆ. ನಾನೇ ಬಾಯಿಗೆ ಬಂದಂಗೆ ಅಂತೀನಿ."

ನಲವತ್ತೈದು ವರ್ಷದಲ್ಲಿ ಅಂಥ ಮಾತು ಮೊದಲ ಸಲ. ಅದೂ ಸುಳ್ಳಿಗೆ ಸಿಕ್ಕ ಬಹುಮಾನ.

ವಕೀಲೆಯ ಹೆಸರು ನಿಧಿ. ಹಾಸನದವರ ಮಗಳು, ಹುಟ್ಟಿದ್ದು ಇಲ್ಲಿ. ಕನ್ನಡ ಕೂಟದ ಭಾನುವಾರದ ಕ್ಲಾಸಿನಲ್ಲಿ ಕಲಿತ ಕನ್ನಡವನ್ನು ಹುಷಾರಾಗಿ, ಗಾಜಿನ ಬಳೆ ಜೋಡಿಸುವಂತೆ ಜೋಡಿಸಿ ಆಡುತ್ತಿದ್ದಳು. ಡುಲೂತ್‌ನಲ್ಲಿ ಒಬ್ಬ ದಂತವೈದ್ಯರ ಮೇಲಿನ ಮಹಡಿಯಲ್ಲಿ ಅವಳ ಆಫೀಸು. ಜೊತೆಗಿರಲೆಂದು ವಸಂತಾಳೂ ಬಂದಿದ್ದಳು.

"ಆಂಟಿ, ನೀವು ಹೊರಗೆ ಕೂತ್ಕೊಳ್ಳಿ. ನಾನು ಅಂಕಲ್ ಜೊತೆ ಒಬ್ಬಳೇ ಮಾತಾಡ್ಬೇಕು. ಅದು ರೂಲ್."

ಉಷಾಗೆ ಈ ರೂಲು ಗೊತ್ತಿರಲಿಲ್ಲ. ಕಾಗದ ಮುಂದಿಡುತ್ತಾರೆ, ಸಹಿ ಹಾಕಿಸುತ್ತಾರೆ, ನೋಟರಿ ಮುದ್ರೆ ಒತ್ತುತ್ತಾರೆ ಎಂದಷ್ಟೇ ಅವಳು ಎಣಿಸಿದ್ದಳು. ಬಾಗಿಲು ಮುಚ್ಚಿತು. ಒಳಗಿನಿಂದ ಮುರಳೀಧರರ ನಗು ಕೇಳಿಸಿತು. ವಸಂತಾ ಅವಳ ತೊಡೆ ಚಿವುಟಿ, "ನೋಡಿದ್ರಾ, ಎಷ್ಟು ಸಲೀಸು!" ಎಂದಳು.

ಸ್ವಲ್ಪ ಹೊತ್ತಾದ ಮೇಲೆ ನಿಧಿ ಬಾಗಿಲು ತೆಗೆದಳು. ಮುಖದಲ್ಲಿ ನಗೆ ಇರಲಿಲ್ಲ.

"ಆಂಟಿ, ಬನ್ನಿ. ಅಂಕಲ್, ಆಂಟಿ ಮುಂದೆ ಕೇಳಬಹುದಾ? ಓಕೆ. ನಿಮಗೆ ತುಂಬಾ ಹುಷಾರಿಲ್ಲ ಅಂದ್ರೆ, ನಿಮ್ಮ ಮನೆ, ನಿಮ್ಮ ಡಾಕ್ಟರ್, ಎಲ್ಲ ಯಾರು ನೋಡ್ಕೋಬೇಕು?"

"ಹೇಳಿದ್ನಲ್ಲಮ್ಮ ಆಗ್ಲೇ. ನನ್ನ ಹೆಂಡತಿ. ಅವಳನ್ನ ಬಿಟ್ರೆ ಇನ್ಯಾರಿದ್ದಾರೆ ನಂಗೆ?"

ಉಷಾಳ ಎದೆ ತುಂಬಿ ಬಂತು.

"ಈಗ ಈ ಪೇಪರ್. ಇದು ಯಾಕೆ?"

"ಊರಿಗೆ ಹೋಗೋಕೆ. ಒಸಿಐ ಪೇಪರು. ಎಲ್ಲಿ ಸೈನ್ ಹಾಕ್ಬೇಕು ಹೇಳು." ಅವರು ಜೇಬಿನಿಂದ ತಮ್ಮದೇ ಪೆನ್ನು ತೆಗೆದರು.

ನಿಧಿ ಕಾಗದಗಳನ್ನು ತನ್ನ ಕಡೆಗೆ ಎಳೆದುಕೊಂಡಳು. ಉಷಾಳನ್ನು ನೋಡಿದಳು. ಉಷಾ ನೆಲ ನೋಡಿದಳು.

"ಅಂಕಲ್, ಇದು ಒಸಿಐ ಅಲ್ಲ. ಇದು ಪವರ್ ಆಫ್ ಅಟಾರ್ನಿ. ನಿಮಗೆ ಆಗದೇ ಇದ್ದಾಗ ನಿಮ್ಮ ಹೆಸರಲ್ಲಿ ಆಂಟಿ ಸೈನ್ ಮಾಡಬಹುದು, ಮನೆ ಮಾರಬಹುದು, ಬ್ಯಾಂಕ್ ನೋಡಬಹುದು. ನಿಮಗೆ ಬೇಕಾದ್ರೆ ಮಾತ್ರ. ಬೇಡ ಅಂದ್ರೆ ಬೇಡ."

ಅವಳು ಹೇಳಬೇಕಾದ್ದೇ ಅದು. ಸುತ್ತಿ ಬಳಸಿ ಹೇಳುವಷ್ಟು ಕನ್ನಡ ಪಾಪ ಅವಳ ಹತ್ತಿರ ಇರಲಿಲ್ಲ.

ಮುರಳೀಧರರು ಪೆನ್ನಿಗೆ ಮುಚ್ಚಳ ಹಾಕಿದರು. ಅವತ್ತು ಅವರ ತಲೆ ತಿಳಿನೀರಿನಂತಿತ್ತು, ಅದೇ ಉಷಾಳ ದುರದೃಷ್ಟ. ಎಲ್ಲವೂ ಅರ್ಥವಾಯಿತು.

"ಜಿಪಿಎ," ಎಂದರು ಮೆಲ್ಲಗೆ. ಆಮೇಲೆ ಹೆಂಡತಿಯ ಕಡೆ ತಿರುಗಿದರು. "ಊರಿಗೆ ಹೋಗೋಣ ಅಂದ್ಯಲ್ಲೇ."

"ರೀ, ನಿಮ್ಮನ್ನ ಮನೇಲೇ ಇಟ್ಕೊಳ್ಳೋಕೆ..."

"ಊರಿಗೆ ಹೋಗೋಣ ಅಂತ ಕೋಟು ಹಾಕ್ಸಿದ್ಯಲ್ಲೇ! ನಮ್ಮ ಮಾವನಿಗೆ ಮೀಸೆ ಇತ್ತು, ನಿನಗಿಲ್ಲ. ಅಷ್ಟೇ ವ್ಯತ್ಯಾಸ." ಅವರು ಬಾಗಿಲು ತೆರೆದು ಕೂಗಿದರು. "ವಸಂತಾ! ನಿಂಗೂ ಗೊತ್ತಿತ್ತೇನೇ ಇದು?"

"ಅಯ್ಯೋ, ನಂಗೇನೂ ಗೊತ್ತಿಲ್ಲಪ್ಪ ಅಣ್ಣಾ! ಬಾ ಅಂದ್ರು, ಬಂದೆ" ಎಂದಳು ವಸಂತಾ, ಚೀಲವನ್ನು ಎದೆಗೆ ಅಪ್ಪಿಕೊಂಡು.

ಅಣ್ಣ ತಂಗಿ ಇಬ್ಬರೂ ಮೆಟ್ಟಿಲಿಳಿದು ಹೋದ ಮೇಲೆ ನಿಧಿ ಉಷಾಳ ಕೈಗೆ ನೀರಿನ ಬಾಟಲಿ ಕೊಟ್ಟಳು, ಮುಚ್ಚಳವನ್ನು ತಾನೇ ತಿರುಗಿಸಿ ತೆಗೆದು.

"ಆಂಟಿ, ಸಾರಿ. ಅಂಕಲ್ ಇವತ್ತು ತುಂಬಾ ಕ್ಲಿಯರ್ ಇದ್ರು. ನಿಮ್ಮ ಹೆಸರು ಅವರೇ ಹೇಳಿದ್ರು, ನಾನು ಕೇಳೋ ಮುಂಚೆ. ಒಸಿಐ ಅನ್ನದೆ, ಮೊದಲೇ ಈ ಪೇಪರ್ ಬಗ್ಗೆ ನಿಜ ಹೇಳಿದ್ದಿದ್ರೆ, ಐ ಥಿಂಕ್, ಅವರು ಸೈನ್ ಮಾಡ್ತಿದ್ರು. ಈಗ ಆಗಲ್ಲ. ಸ್ವಲ್ಪ ದಿನ ಬಿಟ್ಟು ಮತ್ತೆ ಕರ್ಕೊಂಡು ಬನ್ನಿ. ಸುಳ್ಳು ಬೇಡ."

ಸಮಾಧಾನಕ್ಕೆಂದು ಹೇಳಿದ ಆ ಮಾತು ಉಷಾಳನ್ನು ಬದುಕಿರುವವರೆಗೂ ಸುಡುವಂಥದೆಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ರೋಗಕ್ಕೆ ಕರುಣೆಯಿಲ್ಲ ಎನ್ನುತ್ತಾರೆ. ಮರೆಸುವ ರೋಗ ಎಲ್ಲವನ್ನೂ ಮರೆಸಿದ್ದರೆ ಅದನ್ನೂ ಕರುಣೆ ಎನ್ನಬಹುದಿತ್ತು. ಮುರಳೀಧರರು ಸೊಸೆಯ ಹೆಸರು ಮರೆತರು, ಬಚ್ಚಲ ದಾರಿ ಮರೆತರು, ತಾವು ಎಂಜಿನಿಯರೆಂಬುದನ್ನು ಮರೆತರು. ಹೆಂಡತಿ ಮೋಸ ಮಾಡಿ ಸಹಿ ಹಾಕಿಸಲು ಹೋದಳು ಎಂಬುದೊಂದನ್ನು ಮರೆಯಲಿಲ್ಲ. ವಕೀಲೆಯ ಆಫೀಸು, ಕಾಗದ, ಕೋಟು ಎಲ್ಲ ಅಳಿಸಿಹೋಗಿ, ಉಳಿದದ್ದು ಮೋಸವೊಂದೇ. ಬೆಳಿಗ್ಗೆ ಎದ್ದ ಕೂಡಲೇ ಅದು ಅವರಿಗೆ ಹೊಸದಾಗಿ ನೆನಪಾಗುತ್ತಿತ್ತು. ಬೀಗದ ಕೈಗಳನ್ನು ಷೂ ಒಳಗೆ ಬಚ್ಚಿಡುತ್ತಿದ್ದರು, ಎಲ್ಲಿ ಇಟ್ಟೆನೆಂದು ಮರೆತು, "ಕದ್ದೆಯಾ?" ಎಂದು ಅವಳ ಮುಂಗೈ ತಿರುಚುತ್ತಿದ್ದರು. ಅವಳು ಉದ್ದ ತೋಳಿನ ರವಿಕೆ ಹಾಕಿಕೊಳ್ಳತೊಡಗಿದಳು.

ನಿಧಿಯ ಹತ್ತಿರ ಮತ್ತೆ ಕರೆದುಕೊಂಡು ಹೋಗಲು ಆಗಲೇ ಇಲ್ಲ. ಕಾರು ಹತ್ತಿದರೆ ಎಲ್ಲೋ ಮಾರಿಬಿಡುತ್ತಾಳೆಂಬ ಭಯ ಅವರಿಗೆ. ಕೊನೆಗೆ ನಿಧಿಯೇ ಒಂದು ಮಧ್ಯಾಹ್ನ ಮನೆಗೆ ಬಂದಳು. ಷೂ ಬಿಚ್ಚಿ, ಅವರ ಕುರ್ಚಿಯ ಪಕ್ಕ ನೆಲದ ಮೇಲೆಯೇ ಕೂತು, "ಅಂಕಲ್, ನಾನು ನಿಧಿ" ಎಂದಳು.

"ಯಾರಮ್ಮ ನೀನು? ಮಾವನ ಮಗಳಾ? ಸೈಟು ವಾಪಸ್ ಕೊಡೋಕೆ ಬಂದ್ಯಾ?"

ನಿಧಿ ಸ್ವಲ್ಪ ಹೊತ್ತು ಅವರ ಕೈ ಹಿಡಿದುಕೊಂಡಿದ್ದಳು. ಎದ್ದು ಹೋಗುವಾಗ ಉಷಾಳನ್ನು ತಬ್ಬಿಕೊಂಡಳು, ಅಷ್ಟೇ. ಉಷಾಗೆ ಅರ್ಥವಾಯಿತು. ಇನ್ನು ಅವರ ಸಹಿ ಬರೀ ಮಸಿ.

ಜನವರಿಯಲ್ಲಿ ಒಂದು ಬೆಳಿಗ್ಗೆ ಅವಳು ಕಸ ಹಾಕಲು ಹೊರಗೆ ಹೋದಾಗ ಮುರಳೀಧರರು ಒಳಗಿನಿಂದ ಬಾಗಿಲು ಹಾಕಿಕೊಂಡರು. ಮೈಮೇಲೆ ನೈಟಿ, ಕಾಲಲ್ಲಿ ಹವಾಯಿ ಚಪ್ಪಲಿ, ಹುಲ್ಲಿನ ಮೇಲೆ ಬಿಳಿ ಹಿಮ. "ರೀ, ನಾನು ರೀ, ಉಷಾ" ಎಂದು ಬಡಿದಳು. "ಅದಕ್ಕೇ ತೆಗೆಯಲ್ಲ!" ಎಂದು ಒಳಗಿನಿಂದ ಉತ್ತರ ಬಂತು. ಅಂಚೆ ಹಂಚುವ ಹೆಂಗಸು ತನ್ನ ಗಾಡಿ ನಿಲ್ಲಿಸಿ ಬಂದು, ತನ್ನ ದಪ್ಪ ಜಾಕೆಟ್ಟನ್ನು ಅವಳ ಹೆಗಲಿಗೆ ಹೊದಿಸಿದಳು. ಬಾಗಿಲು ತೆರೆಯುವವರೆಗೂ ತಾನು ಬರೀ ಷರಟಿನಲ್ಲಿ ನಡುಗುತ್ತಾ ಬೆಲ್ ಒತ್ತುತ್ತಲೇ ನಿಂತಿದ್ದಳು. "ನಿನಗೆ ಮಕ್ಕಳಿದ್ದಾರೇನಮ್ಮ?" ಎಂದು ಕೇಳಿ ಧೀರಜ್‌ನ ನಂಬರ್ ಪಡೆದು ತಾನೇ ಫೋನ್ ಮಾಡಿದಳು. ದೇವತೆಯಂಥ ಹೆಂಗಸು. ಅವಳ ಆ ಒಳ್ಳೆಯತನದಿಂದಲೇ ಮಿಕ್ಕದ್ದೆಲ್ಲ ಶುರುವಾಯಿತು.

ಸಂಜೆಯ ಹೊತ್ತಿಗೆ ಧೀರಜ್ ಅಡುಗೆಮನೆಯ ಟೇಬಲ್ಲಿನಲ್ಲಿ ಕೂತಿದ್ದ. ವಸಂತಾಳೂ ಬಂದಿದ್ದಳು. ಹೆಂಡತಿ ಮೋಸ ಮಾಡಿದಳೆಂದು ಮಗನಿಗೆ ಹೇಳಿ ಅಪ್ಪ ಪಕ್ಕದ ಕೋಣೆಯಲ್ಲಿ ಮಲಗಿದ್ದರು, ಮಿಕ್ಕ ವಿವರವನ್ನು ವಸಂತಾ ತುಂಬಿದ್ದಳು.

"ಅಮ್ಮ, ಒಸಿಐ ಅಂತ ಸುಳ್ಳು ಹೇಳಿದ್ಯಾ ಅಪ್ಪನಿಗೆ?"

"ಹೂಂ."

"ವೈ? ಅವರು ಸಿಕ್ ಇದ್ದಾರೆ ಅಮ್ಮ. ಸಿಕ್ ಇರೋರಿಗೆ ಟ್ರಿಕ್ ಮಾಡಿ ಮನೆ ಸೈನ್ ಮಾಡಿಸೋದು... ಡು ಯು ನೋ ವಾಟ್ ದೇ ಕಾಲ್ ದಟ್ ಹಿಯರ್?"

ಉಷಾ ನಾದಿನಿಯ ಕಡೆ ನೋಡಿದಳು. ವಸಂತಾ ಸೆರಗಿನ ಅಂಚು ಮಡಿಸುತ್ತಿದ್ದಳು. "ಅತ್ತಿಗೆ ಕಷ್ಟ ನಂಗೆ ಅರ್ಥ ಆಗುತ್ತೆ ಕಣೋ ಧೀರೂ. ಆದ್ರೂ ಅಣ್ಣನಿಗೆ ಹಂಗೆ ಮಾಡಬಾರದಿತ್ತು."

"ವಸಂತಾ, ನೀನೇ ಅಲ್ವೇನೇ ಹೇಳಿಕೊಟ್ಟಿದ್ದು? ಕರಿಬೇವಿನ ಹತ್ರ ನಿಂತ್ಕೊಂಡು?"

"ನೋಡ್ದ್ಯಾ? ಈಗ ನನ್ನ ಮೇಲೆ ಬಂತು!" ವಸಂತಾಳ ಕಣ್ಣಲ್ಲಿ ನೀರು ಬಂದೇಬಿಟ್ಟಿತು. "ಗಂಡ ಸತ್ತವಳು, ಹೇಳೋರು ಕೇಳೋರು ಇಲ್ಲ, ಯಾರು ಬೇಕಾದ್ರೂ ಅನ್ನಬಹುದು."

"ಅಮ್ಮ, ಪ್ಲೀಸ್. ಅತ್ತೇನ ಎಳೀಬೇಡ ಇದರಲ್ಲಿ."

ಅವನು ಏಳುವ ಮುಂಚೆ ಅಮ್ಮನ ತೋಳು ಮೇಲಕ್ಕೆ ಸರಿಸಿ ಮುಂಗೈಯ ನೀಲಿ ಕಲೆಗಳನ್ನು ನೋಡಿದ. ಅವನಿಗೂ ಅಳು ಬಂತು. ಮರುವಾರ ವಕೀಲರನ್ನು ಹಿಡಿದು, ತಂದೆಯ ಪೋಷಕನಾಗಿ ತನ್ನನ್ನು ನೇಮಿಸಬೇಕೆಂದು ಕೌಂಟಿಯ ಕೋರ್ಟಿಗೆ ಅರ್ಜಿ ಹಾಕಿದ. ಅಮ್ಮನನ್ನು ಉಳಿಸಲೆಂದೇ ಹಾಕಿದ. ಅದೂ ನಿಜ.

ಕೋರ್ಟಿನಿಂದ ವಿಚಾರಿಸಲು ಬಂದ ಹೆಂಗಸಿನ ಮುಂದೆ ವಸಂತಾ ಹೇಳಬೇಕಾದ್ದನ್ನೆಲ್ಲ ಹೇಳಿದಳು. ಕೋರ್ಟಿನ ದಿನ ಜಡ್ಜು ಬಹಳ ಮರ್ಯಾದೆಯಿಂದ ನಡೆದುಕೊಂಡರು. ಪೋಲೀಸಿನವನು ಉಷಾಗೆ ಬೆನ್ನಿಗೆ ಆಸರೆಯಿರುವ ಕುರ್ಚಿಯನ್ನು ಹುಡುಕಿ ತಂದುಕೊಟ್ಟ. ಇಂಟರ್‌ಪ್ರಿಟರ್ ಬೇಕೇ ಎಂದು ಎರಡು ಸಲ ಕೇಳಿದರು. ಬೇಡ, ಇಂಗ್ಲಿಷ್ ಬರುತ್ತದೆ ಎಂದಳು. ಬಂದದ್ದರಿಂದ ಪ್ರತಿ ಮಾತೂ ನೇರವಾಗಿ ತಾಗಿತು.

ಇಂಥದ್ದರಲ್ಲಿ ಹೆಂಡತಿಗೇ ಮೊದಲ ಹಕ್ಕು, ಆಕೆಯ ಪ್ರೀತಿಯ ಬಗ್ಗೆ ಈ ಕೋರ್ಟಿಗೆ ಸಂಶಯವಿಲ್ಲ ಎಂದರು ಜಡ್ಜು. ಆದರೆ ಆಕೆ ರೋಗಿಗೆ ಸುಳ್ಳು ಹೇಳಿ ಸಹಿ ಪಡೆಯಲು ನೋಡಿದ್ದನ್ನು ತಾವೇ ಒಪ್ಪಿಕೊಂಡಿದ್ದಾರೆ. ರೋಗಿಗೆ ಆಕೆಯ ಭಯವಿದೆ. ಆಮೇಲೆ ಅವರು ಮುರಳೀಧರರ ಕಡೆ ಬಾಗಿ, ನಿಮಗೇನಾದರೂ ಹೇಳುವುದಿದೆಯೇ ಎಂದು ಕೇಳಿದರು. ಮುರಳೀಧರರು ಎದ್ದು ನಿಂತರು. ಎಷ್ಟೋ ತಿಂಗಳಿಂದ ಇಂಗ್ಲಿಷಿನ ಒಂದು ವಾಕ್ಯ ಪೂರ್ತಿ ಮಾಡದಿದ್ದವರು ಅವತ್ತು ಮಾಡಿದರು. ಬೆರಳು ಚಾಚಿ ಹೆಂಡತಿಯನ್ನು ತೋರಿಸಿ, ಯಾರಿಗೆ ಬೇಕಾದರೂ ಕೊಡಿ, ಇವಳೊಬ್ಬಳಿಗೆ ಬೇಡ ಎಂದರು.

ಧೀರಜ್ ಹೆಸರಿಗೆ ಆಜ್ಞೆಯಾಯಿತು.

ಅಪ್ಪನನ್ನು ಬ್ಯಾಲಂಟೈನ್‌ನ ಹತ್ತಿರದ ಮೆಮೊರಿ ಕೇರ್‌ಗೆ ಸೇರಿಸಿದ. ಅದರ ಖರ್ಚಿಗೆ ನಾರ್‌ಕ್ರಾಸ್‌ನ ಮನೆ ಮಾರಬೇಕಾಯಿತು. ಮಾರುವಾಗ ಉಷಾಳ ಸಹಿಯನ್ನು ಯಾರೂ ಕೇಳಲಿಲ್ಲ, ಅವಳ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲವಲ್ಲ. ಅವಳಿಗೆ ಮಗನ ಮನೆಯಲ್ಲಿ ಒಂದು ಕೋಣೆ. "ಇಲ್ಲಿ ಬೆಳಗ್ಗೆ ಒಳ್ಳೆ ಬೆಳಕು ಬರುತ್ತೆ ಅಮ್ಮ" ಎಂದು ಪರದೆ ಸರಿಸಿ ತೋರಿಸಿದ. ಸೊಸೆ ಮಧುರಾ ಅವಳ ಹಾಸಿಗೆಯ ಪಕ್ಕ ಒಂದು ಸಣ್ಣ ದೀಪ ತಂದಿಟ್ಟಳು. ಒಂದು ದಿನವೂ ಯಾರೂ ಅವಳನ್ನು ಗದರಲಿಲ್ಲ.

ಗಂಡನನ್ನು ನೋಡಲು ಮಾತ್ರ ಬಿಡಲಿಲ್ಲ. ಮೊದಲ ದಿನ ಅವಳನ್ನು ಕಂಡ ಕೂಡಲೇ ಅವರು ಕುರ್ಚಿ ಎತ್ತಿದ್ದರು. ಹೊಂದಿಕೊಳ್ಳುವವರೆಗೆ ಬರಬೇಡಿ ಎಂದು ಅಲ್ಲಿಯವರು ಕೈಮುಗಿದಂಥ ದನಿಯಲ್ಲಿ ಕೇಳಿಕೊಂಡರು. ಬೇಸಿಗೆ ಕಳೆಯಿತು, ಎಲೆ ಉದುರಿತು. ಅವಳು ಕಾರಿನಲ್ಲೇ ಕೂತಿರುತ್ತಿದ್ದಳು, ಮಗ ಒಳಗೆ ಹೋಗಿ ಬರುತ್ತಿದ್ದ.

ಒಂದು ಮಧ್ಯಾಹ್ನ ಅವನು ಕಾರಿನ ಬಾಗಿಲು ತೆರೆದ. "ಅಮ್ಮ, ಇವತ್ತು ಬಾ. ಈಗ ಪ್ರಾಬ್ಲಮ್ ಇಲ್ಲ ಅಂದ್ರು. ಅಪ್ಪನಿಗೆ ಈಗ... ಯಾರದ್ದೂ ಗುರುತು ಸಿಗಲ್ಲ."

ಪಾರ್ಕಿಂಗ್ ದಾಟುವಾಗ ಅವಳ ಮೊಣಕೈ ಹಿಡಿದು, ತಡೆದು ತಡೆದು ಹೇಳಿದ, "ನಿನ್ನದೂ ಮಾಡಿಸ್ಬೇಕು ಅಮ್ಮ. ಪವರ್ ಆಫ್ ಅಟಾರ್ನಿ. ನೀನು ಚೆನ್ನಾಗಿರುವಾಗ್ಲೇ."

"ಮಾಡಿಸು" ಎಂದಳು ಉಷಾ. "ಏನು ಅಂತ ಹೇಳಿ ಕೇಳ್ತಿದ್ದೀಯಲ್ಲ. ಅದು ದೊಡ್ಡದು."

ಅವನು ತಲೆ ತಗ್ಗಿಸಿ, ಬಾಗಿಲ ಹತ್ತಿರವೇ ನಿಂತುಬಿಟ್ಟ.

ಊಟದ ಕೋಣೆಯ ಕಿಟಕಿಯ ಬಳಿ ಮುರಳೀಧರರು ಕೂತಿದ್ದರು. ಬೇರೆ ಯಾರದೋ ಸ್ವೆಟರು, ಚೆನ್ನಾಗಿ ಬಾಚಿದ ಕೂದಲು. ಬಾಚಿದವರು ಯಾರೋ, ಬೈತಲೆಯನ್ನು ಸರಿಯಾಗಿ ಎಡಗಡೆಗೇ ತೆಗೆದಿದ್ದರು. ಉಷಾ ಎದುರು ಬಂದು ನಿಂತಳು. ಅವರು ತಲೆಯೆತ್ತಿ, ಗುರುತಿಲ್ಲದವರಿಗೆ ತೋರುವ ಸಭ್ಯ ನಗೆ ನಕ್ಕರು.

"ಕೂತ್ಕೊಳ್ಳಿ," ಎಂದರು.

ನೀವು ಎಂದು ಅವರು ಅವಳನ್ನು ಯಾವತ್ತೂ ಕರೆದಿರಲಿಲ್ಲ. ಅವಳು ಕೂತಳು.

"ಕನ್ನಡದೋರಾ? ಮುಖ ನೋಡಿದ್ರೆ ಗೊತ್ತಾಗುತ್ತೆ. ಇಲ್ಲಿ ಯಾರ ಹತ್ರಾನೂ ಮಾತಾಡೋಕಾಗಲ್ಲ. ಒಬ್ರೇ ಬಂದ್ರಾ?"

"ಮಗ ಬಂದಿದ್ದಾನೆ."

"ಯಜಮಾನ್ರು?"

"ಇದ್ದಾರೆ."

"ಪುಣ್ಯವಂತ." ಅವರು ಅತ್ತಿತ್ತ ನೋಡಿ ದನಿ ತಗ್ಗಿಸಿದರು. "ನಂಗೂ ಒಬ್ಬಳಿದ್ಲು. ಕಳ್ಳಿ. ನನ್ನ ಮನೆ ಹೊಡ್ಕೊಂಡು ಇಲ್ಲಿಗೆ ಹಾಕಿ ಹೋದ್ಲು. ಎಲ್ಲೂ ಹಾಕ್ಬೇಡ ಅಂದಿದ್ದೆ, ಆಣೆ ಹಾಕಿದ್ಲು. ನಿಮ್ಮ ಹತ್ರ ಬಂದ್ರೆ ಹುಷಾರು, ನಂಬಬೇಡಿ."

ಉಷಾ ಮೇಜಿನ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

"ಇಲ್ಲ," ಎಂದಳು. "ನಂಬಲ್ಲ."

"ನಿಮ್ಮಂಥೋರು ಸಿಕ್ಕಿದ್ರೆ ನಾನು ಹೀಗಾಗ್ತಿರ್ಲಿಲ್ಲ."

ಕೆಲಸದ ಹುಡುಗಿ ಬಂದು ಅವರ ಮುಂದೆ ಊಟ ಇಟ್ಟು ಹೋದಳು. ಹಿಸುಕಿದ ಆಲೂಗಡ್ಡೆ, ಬೇಯಿಸಿದ ಬೀನ್ಸು, ಒಂದು ಬನ್ನು. ಅಲ್ಲಿರುವವರಿಗೆ ಮಾತ್ರ ತಟ್ಟೆ, ನೋಡಲು ಬಂದವರಿಗಿಲ್ಲ. ಅವರು ಚಮಚ ಎತ್ತಿಕೊಂಡರು. ಅವಳ ಮುಂದಿನ ಖಾಲಿ ಮೇಜನ್ನು ನೋಡಿದರು, ಅವಳ ಮುಖ ನೋಡಿದರು. ಚಮಚವನ್ನು ಪೇಪರ್ ಟವೆಲಿನಿಂದ ಒರೆಸಿ ತಟ್ಟೆಯ ಮೇಲಿಟ್ಟು, ಪೂರಾ ತಟ್ಟೆಯನ್ನು ಎರಡು ಕೈಯಿಂದ ಅವಳ ಕಡೆಗೆ ಸರಿಸಿದರು.